ಅರವತ್ತಕ್ಕೆ ಅರಳುಮರಳು ನಿಜವೇ? ವೃದ್ಧಾಶ್ರಮದಲ್ಲಿ ಹಿರಿಯರ ಸಾಮರ್ಥ್ಯವನ್ನು ಅಳೆಯುವುದು ಹೇಗೆ

9 ಅಂಕಿಗಳ ರಾಶಿಯ ನಡುವೆ ಒಂದೇ ಒಂದು 6. ಅದನ್ನು ಬೇಗ ಹುಡುಕಿದರೆ ನಿಮಗೆ ಆಲ್ಝೈಮರ್ಸ್ ಇಲ್ಲ, ಹುಡುಕಲು ಆಗದಿದ್ದರೆ ಮೆದುಳು ಮಂಕಾಗುತ್ತಿದೆ ಎಂದು ಅರ್ಥ. ಇಂಥದ್ದೊಂದು ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಯಾರೋ ಅದನ್ನು ಮನೆಯ ಅಜ್ಜಿಗೆ ತೋರಿಸಿರಲೂಬಹುದು. ಅಜ್ಜಿ ಕನ್ನಡಕ ಹುಡುಕುವಷ್ಟರಲ್ಲಿ ಸಮಯ ಮುಗಿದಿರುತ್ತದೆ. "ನೋಡಿದ್ರಾ, ಅಜ್ಜಿಗೆ ಅರಳುಮರಳು ಶುರುವಾಯ್ತು" ಎಂದು ಎಲ್ಲರೂ ನಗುತ್ತಾರೆ.

ಆ ಒಗಟಿಗೂ ಮರೆವಿನ ಕಾಯಿಲೆಗೂ ಸಂಬಂಧವಿಲ್ಲ. ಅದು ಅಳೆಯುವುದು ಹೆಚ್ಚೆಂದರೆ ಕಣ್ಣಿನ ದೃಷ್ಟಿಯನ್ನು, ಮೊಬೈಲ್ ಪರದೆಯ ಗಾತ್ರವನ್ನು ಮತ್ತು ಆ ಹೊತ್ತಿನ ತಾಳ್ಮೆಯನ್ನು. ಮನೆಯಲ್ಲಿ ಇದು ತಮಾಷೆಯಾಗಿ ಮುಗಿಯುತ್ತದೆ. ಆದರೆ ವೃದ್ಧಾಶ್ರಮದಲ್ಲಿ ಅಥವಾ ಹಿರಿಯರ ಆರೈಕೆ ಕೇಂದ್ರದಲ್ಲಿ ಇರುವವರ ಬಗ್ಗೆ ಇದೇ ರೀತಿ ಅಂದಾಜಿನಲ್ಲಿ ತೀರ್ಮಾನ ಮಾಡಿದರೆ ಅದು ತಮಾಷೆಯಲ್ಲ. "ಇವರಿಗೆ ನಡೆಯಕ್ಕಾಗಲ್ಲ" ಎಂದು ಒಮ್ಮೆ ತೀರ್ಮಾನವಾದರೆ ವೀಲ್‌ಚೇರ್ ಬರುತ್ತದೆ. "ಇವರಿಗೆ ಏನೂ ತಿಳಿಯಲ್ಲ" ಎಂದಾದರೆ ಅವರನ್ನು ಕೇಳುವುದೇ ನಿಂತುಹೋಗುತ್ತದೆ.

ಹಾಗಾದರೆ ವಯಸ್ಸಾದವರ ಮೈಯ ಶಕ್ತಿಯನ್ನು, ಮನಸ್ಸಿನ ಶಕ್ತಿಯನ್ನು ಸರಿಯಾಗಿ ಅಳೆಯುವುದು ಹೇಗೆ? ಅಪ್ಪ ಅಮ್ಮನನ್ನು ಕೇಂದ್ರಕ್ಕೆ ಸೇರಿಸಿರುವವರು, ಸೇರಿಸಬೇಕೆಂದು ಯೋಚಿಸುತ್ತಿರುವವರು ಏನು ಕೇಳಬೇಕು? ಈ ಲೇಖನದಲ್ಲಿ ಅದನ್ನು ನೋಡೋಣ.

ಮೊದಲು ಗಾದೆಯ ಮಾತು

"ಅರವತ್ತಕ್ಕೆ ಅರಳುಮರಳು" ಎಂಬ ಗಾದೆ ಎಲ್ಲರಿಗೂ ಗೊತ್ತು. ಇದು ನಿಜವಲ್ಲ. ಭಾರತದಲ್ಲಿ ನಡೆದ ದೊಡ್ಡ ಅಧ್ಯಯನವಾದ ಲಾಸಿ-ಡ್ಯಾಡ್ ಪ್ರಕಾರ, 60 ವರ್ಷ ದಾಟಿದವರಲ್ಲಿ ಡಿಮೆನ್ಷಿಯಾ ಅಂದರೆ ಮರೆವಿನ ಕಾಯಿಲೆ ಇರುವವರು ಸುಮಾರು 7.4 ಶೇಕಡಾ. ಲೆಕ್ಕದಲ್ಲಿ ಇದು 88 ಲಕ್ಷ ಜನ, ಸಣ್ಣ ಸಂಖ್ಯೆಯೇನಲ್ಲ. ಆದರೆ ಅದೇ ಲೆಕ್ಕವನ್ನು ತಿರುಗಿಸಿ ನೋಡಿ: ನೂರರಲ್ಲಿ 92ಕ್ಕೂ ಹೆಚ್ಚು ಹಿರಿಯರಿಗೆ ಆ ಕಾಯಿಲೆ ಇಲ್ಲ.

ವಯಸ್ಸು ಹೆಚ್ಚಿದಂತೆ ಈ ಪ್ರಮಾಣ ಏರುತ್ತದೆ ಎಂಬುದು ನಿಜ. ಆರೈಕೆ ಕೇಂದ್ರಗಳಲ್ಲಿ ಇರುವವರಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಮನೆಯಲ್ಲಿ ನೋಡಿಕೊಳ್ಳಲು ಕಷ್ಟವಾದವರೇ ಅಲ್ಲಿಗೆ ಬರುವುದು ಹೆಚ್ಚು. ಆದರೂ ಒಂದೇ ವಯಸ್ಸಿನ ಇಬ್ಬರು ಒಂದೇ ರೀತಿ ಇರುವುದಿಲ್ಲ. 80ರ ಒಬ್ಬರು ಮೆಟ್ಟಿಲು ಹತ್ತುತ್ತಾರೆ, 68ರ ಇನ್ನೊಬ್ಬರಿಗೆ ಹಾಸಿಗೆಯಿಂದ ಏಳಲು ಆಸರೆ ಬೇಕು. ಆದ್ದರಿಂದ ವಯಸ್ಸನ್ನು ನೋಡಿ ಸಾಮರ್ಥ್ಯ ಊಹಿಸುವಂತಿಲ್ಲ. ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ನೋಡಲೇಬೇಕು.

1935ರಲ್ಲಿ ಒಬ್ಬ ವೈದ್ಯೆ ಕಂಡದ್ದು

ಹೀಗೆ ಒಬ್ಬೊಬ್ಬರನ್ನೂ ನೋಡುವುದರಿಂದ ಏನು ಬದಲಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಒಂದು ಉದಾಹರಣೆ ಇದೆ. ಲಂಡನ್ ಬಳಿಯ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಮಾರ್ಜರಿ ವಾರೆನ್ ಎಂಬ ವೈದ್ಯೆ ಇದ್ದರು. 1935ರಲ್ಲಿ ಪಕ್ಕದ ಬಡವರ ಆಶ್ರಯಧಾಮದ ಆಸ್ಪತ್ರೆಯನ್ನೂ ಅವರ ಆಸ್ಪತ್ರೆಗೆ ಸೇರಿಸಲಾಯಿತು. ಅಲ್ಲಿದ್ದ 700ಕ್ಕೂ ಹೆಚ್ಚು ರೋಗಿಗಳ ಹೊಣೆ ಅವರ ಮೇಲೆ ಬಿತ್ತು. ಹೆಚ್ಚಿನವರು ವಯಸ್ಸಾದವರು. ವಾಸಿಯಾಗದ ಕಾಯಿಲೆಯವರು ಎಂಬ ಹಣೆಪಟ್ಟಿ ಹೊತ್ತು ವರ್ಷಗಟ್ಟಲೆ ಹಾಸಿಗೆಯಲ್ಲೇ ಮಲಗಿದ್ದವರು.

ವಾರೆನ್ ಮಾಡಿದ ಕೆಲಸ ಕೇಳಲು ಬಹಳ ಸರಳ. ಒಬ್ಬೊಬ್ಬರನ್ನೂ ಪರೀಕ್ಷಿಸಿದರು. ಯಾರಿಗೆ ಯಾವ ಕಾಯಿಲೆ, ಯಾರು ಎದ್ದು ಕೂರಬಲ್ಲರು, ಯಾರು ನಡೆಯಬಲ್ಲರು, ಯಾರಿಗೆ ಮನಸ್ಸಿನ ತೊಂದರೆ ಇದೆ ಎಂದು ಬೇರೆಬೇರೆ ಗುಂಪು ಮಾಡಿದರು. ಎದ್ದೇಳುವ ಸಾಧ್ಯತೆ ಇದ್ದವರಿಗೆ ವ್ಯಾಯಾಮ, ನಡಿಗೆಯ ತರಬೇತಿ ಕೊಡಿಸಿದರು. ಎಷ್ಟೋ ಜನ ಮತ್ತೆ ನಡೆದರು, ಕೆಲವರು ಮನೆಗೂ ಹೋದರು. ಅವರನ್ನು ಹಾಸಿಗೆಗೆ ಅಂಟಿಸಿದ್ದು ಬರೀ ಮುಪ್ಪಲ್ಲ, ಯಾರೂ ಪರೀಕ್ಷಿಸದೆ ಇದ್ದದ್ದು. 1943 ಮತ್ತು 1946ರಲ್ಲಿ ಅವರು ಬರೆದ ಲೇಖನಗಳು ಹಿರಿಯರ ವೈದ್ಯಶಾಸ್ತ್ರ ಎಂಬ ಪ್ರತ್ಯೇಕ ವಿಭಾಗ ಬೆಳೆಯಲು ದಾರಿ ಮಾಡಿದವು.

ದಿನದ ಆರು ಕೆಲಸಗಳು

ಈಗ ಅಳೆಯುವ ವಿಧಾನಕ್ಕೆ ಬರೋಣ. ಮೊದಲು ನೋಡುವುದು ದಿನನಿತ್ಯದ ಕೆಲಸಗಳನ್ನು. ಅಮೆರಿಕದ ವೈದ್ಯ ಸಿಡ್ನಿ ಕ್ಯಾಟ್ಝ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಇರುವುದು ಆರೇ ಕೆಲಸ:

1. ಸ್ನಾನ ಮಾಡುವುದು
2. ಬಟ್ಟೆ ಹಾಕಿಕೊಳ್ಳುವುದು
3. ಶೌಚಾಲಯಕ್ಕೆ ಹೋಗಿ ಶುಚಿ ಮಾಡಿಕೊಂಡು ಬರುವುದು
4. ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು
5. ಮಲಮೂತ್ರದ ಮೇಲೆ ಹಿಡಿತ
6. ತಾವೇ ಊಟ ಮಾಡುವುದು

ಈ ಪಟ್ಟಿಗೆ ಒಂದು ಕ್ರಮವಿದೆ. ಸಾಮಾನ್ಯವಾಗಿ ಮೊದಲು ಕಷ್ಟವಾಗುವುದು ಸ್ನಾನ, ಕೊನೆಯವರೆಗೂ ಉಳಿಯುವುದು ತಾವೇ ಊಟ ಮಾಡುವ ಶಕ್ತಿ. ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ ಇದು ತಿರುವುಮುರುವು: ಊಟ ಮೊದಲು, ಸ್ನಾನ ಕೊನೆಗೆ. ಮಕ್ಕಳು ಈ ಕೆಲಸಗಳನ್ನು ಕಲಿಯುವ ಕ್ರಮಕ್ಕೂ ಇದು ಹತ್ತಿರ ಎಂದು ಕ್ಯಾಟ್ಝ್ ಗಮನಿಸಿದ್ದರು. ಈ ಕ್ರಮ ತಿಳಿದಿದ್ದರೆ ಒಂದು ಉಪಯೋಗವಿದೆ. ತಾನೇ ಸ್ನಾನ ಮಾಡುವ ಅಜ್ಜ ಊಟದ ತುತ್ತು ಎತ್ತಲು ಕಷ್ಟಪಡುತ್ತಿದ್ದರೆ ಅದು ಮಾಮೂಲಿ ಕ್ರಮವಲ್ಲ. ಕೈ ನಡುಕ, ಲಕ್ವದ ಸುಳಿವು, ಹಲ್ಲು ನೋವು, ನುಂಗಲು ತೊಂದರೆ, ಖಿನ್ನತೆ ಹೀಗೆ ಬೇರೆ ಕಾರಣ ಹುಡುಕಬೇಕು.

ಇದೇ ಉದ್ದೇಶಕ್ಕೆ ಬಾರ್ಥೆಲ್ ಸೂಚ್ಯಂಕ ಎಂಬ ಇನ್ನೊಂದು ಪಟ್ಟಿ 1965ರಿಂದ ಇದೆ. ಅದರಲ್ಲಿ ನಡಿಗೆ, ಮೆಟ್ಟಿಲು ಹತ್ತುವುದು ಎಲ್ಲ ಸೇರಿ ಹತ್ತು ಅಂಶಗಳಿಗೆ ಒಟ್ಟು 100 ಅಂಕ. ಹಣ ಲೆಕ್ಕ ಹಾಕುವುದು, ಫೋನ್ ಬಳಸುವುದು, ಮಾತ್ರೆ ಸರಿಯಾಗಿ ತೆಗೆದುಕೊಳ್ಳುವುದು, ಅಡುಗೆ ಮಾಡುವುದು ಮುಂತಾದ ಸ್ವಲ್ಪ ಸಂಕೀರ್ಣ ಕೆಲಸಗಳಿಗೆ 1969ರ ಲಾಟನ್ ಪಟ್ಟಿ ಇದೆ. ಮರೆವಿನ ಕಾಯಿಲೆಯ ಮೊದಲ ಸುಳಿವು ಹೆಚ್ಚಾಗಿ ಸಿಗುವುದು ಈ ಎರಡನೇ ಬಗೆಯ ಕೆಲಸಗಳಲ್ಲಿ. ಆದರೆ ವೃದ್ಧಾಶ್ರಮದಲ್ಲಿ ಅಡುಗೆ, ಮಾತ್ರೆ, ಹಣ ಎಲ್ಲವನ್ನೂ ಸಿಬ್ಬಂದಿಯೇ ನೋಡಿಕೊಳ್ಳುವುದರಿಂದ ಆ ಸುಳಿವು ಕಣ್ಣಿಗೆ ಬೀಳದೆ ಹೋಗಬಹುದು.

ಇನ್ನೊಂದು ಮುಖ್ಯ ವಿಷಯ. ಕೆಲಸ ಮಾಡಬಲ್ಲರೇ ಎಂಬುದು ಒಂದು ಪ್ರಶ್ನೆ, ಮಾಡುತ್ತಿದ್ದಾರೆಯೇ ಎಂಬುದು ಬೇರೆ ಪ್ರಶ್ನೆ. ಸೀರೆ ಉಡಲು ಅಜ್ಜಿಗೆ 20 ನಿಮಿಷ ಬೇಕು ಎಂದುಕೊಳ್ಳಿ. ಬೆಳಗ್ಗೆ ಹತ್ತು ಜನರನ್ನು ಸಿದ್ಧಪಡಿಸಬೇಕಾದ ಸಿಬ್ಬಂದಿಗೆ ಅಷ್ಟು ಹೊತ್ತು ಕಾಯಲು ಆಗುವುದಿಲ್ಲ. ಐದು ನಿಮಿಷದಲ್ಲಿ ನೈಟಿ ತೊಡಿಸಿಬಿಡುತ್ತಾರೆ. ದಾಖಲೆಯಲ್ಲಿ "ಬಟ್ಟೆಗೆ ಪೂರ್ತಿ ಸಹಾಯ ಬೇಕು" ಎಂದು ಬೀಳುತ್ತದೆ. ಇಲ್ಲಿ ಇಲ್ಲದಿರುವುದು ಅಜ್ಜಿಯ ಸಾಮರ್ಥ್ಯವಲ್ಲ, ಸಮಯ. ನೆಲದ ಮೇಲೆ ಕೂತು ಊಟ ಮಾಡಿ, ಕೂರುವ ಶೌಚಾಲಯ ಬಳಸಿ ಅಭ್ಯಾಸವಿದ್ದವರು ಕಮೋಡ್ ಇರುವ ಕೇಂದ್ರಕ್ಕೆ ಬಂದಾಗಲೂ ಮೊದಲ ಕೆಲವು ದಿನ ಹೀಗೆಯೇ ಕಷ್ಟಪಡಬಹುದು. ಒಳ್ಳೆಯ ಪರೀಕ್ಷೆ ಎಂದರೆ ಸಿಬ್ಬಂದಿಯನ್ನು ಕೇಳಿ ಬರೆದುಕೊಳ್ಳುವುದಲ್ಲ. ಹಿರಿಯರಿಗೆ ಸಮಯ ಕೊಟ್ಟು, ಅವರು ಮಾಡುವುದನ್ನು ಕಣ್ಣಾರೆ ನೋಡುವುದು.

ಕಾಲಿನ ಶಕ್ತಿಗೆ ಕುರ್ಚಿ ಮತ್ತು ಗಡಿಯಾರ ಸಾಕು

ನಡಿಗೆ ಮತ್ತು ಸಮತೋಲನ ಅಳೆಯಲು ದುಬಾರಿ ಯಂತ್ರ ಬೇಡ. 1991ರಿಂದ ಬಳಕೆಯಲ್ಲಿರುವ ಒಂದು ಪರೀಕ್ಷೆ ಹೀಗಿದೆ. ಕೈ ಇರುವ ಕುರ್ಚಿಯಲ್ಲಿ ಕೂರಿಸಬೇಕು. ಎದ್ದು, 3 ಮೀಟರ್ ನಡೆದು, ತಿರುಗಿ, ವಾಪಸ್ ಬಂದು ಕೂರಲು ಹೇಳಬೇಕು. ದಿನವೂ ಹಾಕುವ ಚಪ್ಪಲಿ, ಬಳಸುವ ಊರುಗೋಲು ಇರಲಿ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಹೆಚ್ಚು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಪರಿಗಣಿಸುತ್ತದೆ. ಎಷ್ಟು ಸೆಕೆಂಡು ಎಂಬುದರ ಜೊತೆಗೆ ಹೇಗೆ ನಡೆದರು ಎಂಬುದೂ ಮುಖ್ಯ: ಹೆಜ್ಜೆ ಎಳೆದರೇ, ತಿರುಗುವಾಗ ತೂರಾಡಿದರೇ, ಗೋಡೆ ಹಿಡಿದರೇ.

ಇನ್ನೊಂದು ಪರೀಕ್ಷೆಯಲ್ಲಿ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲರು ಎಂದು ಎಣಿಸುತ್ತಾರೆ. ಅದೇ ಸಂಸ್ಥೆಯ ಪಟ್ಟಿಯಂತೆ 75ರಿಂದ 79 ವರ್ಷದ ಗಂಡಸರು 11ಕ್ಕಿಂತ ಕಡಿಮೆ, ಹೆಂಗಸರು 10ಕ್ಕಿಂತ ಕಡಿಮೆ ಸಲ ಎದ್ದರೆ ಕಾಲಿನ ಶಕ್ತಿ ಸರಾಸರಿಗಿಂತ ಕಡಿಮೆ. ಕೈಯ ಹಿಡಿತದ ಬಲ ಅಳೆಯುವ ಚಿಕ್ಕ ಉಪಕರಣವೂ ಇದೆ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಕೊಟ್ಟ ಅಳತೆಯಂತೆ ಗಂಡಸರಲ್ಲಿ 28 ಕಿಲೋ, ಹೆಂಗಸರಲ್ಲಿ 18 ಕಿಲೋಗಿಂತ ಕಡಿಮೆ ಇದ್ದರೆ ಸ್ನಾಯುಗಳು ದುರ್ಬಲವಾಗಿವೆ ಎಂದು ಅರ್ಥ.

ಪದೇಪದೇ ಬೀಳುವವರಿಗೆ ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಒಂದು ಮತ್ತು ಮೂರು ನಿಮಿಷದ ನಂತರ ಮತ್ತೆ ಬಿಪಿ ನೋಡಬೇಕು. ನಿಂತಾಗ ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ತಲೆಸುತ್ತಿ ಬೀಳುವುದಕ್ಕೆ ಅದೇ ಕಾರಣವಿರಬಹುದು. ಬಿಪಿ ಮಾತ್ರೆ, ನಿದ್ದೆ ಮಾತ್ರೆಗಳನ್ನು ವೈದ್ಯರು ಸರಿಹೊಂದಿಸಿದರೆ ಎಷ್ಟೋ ಸಲ ಇದು ಸುಧಾರಿಸುತ್ತದೆ.

ಇಲ್ಲೇ ಇನ್ನೊಂದು ಫಾರ್ವರ್ಡ್ ನೆನಪಿಸಿಕೊಳ್ಳೋಣ: "ಒಂಟಿ ಕಾಲಲ್ಲಿ 10 ಸೆಕೆಂಡು ನಿಲ್ಲಲಾಗದಿದ್ದರೆ ನಿಮ್ಮ ಆಯಸ್ಸು ಮುಗಿಯುತ್ತಾ ಬಂತು." ಇದರ ಹಿಂದೆ ನಿಜವಾದ ಅಧ್ಯಯನವಿದೆ. ಬ್ರೆಜಿಲ್‌ನಲ್ಲಿ 51ರಿಂದ 75 ವರ್ಷದ 1702 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾಯಿತು. ಹಾಗೆ ನಿಲ್ಲಲಾಗದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಹೆಚ್ಚಿತ್ತು. ಆದರೆ ನಿಲ್ಲಲಾಗದೆ ಇದ್ದದ್ದೇ ಸಾವಿಗೆ ಕಾರಣ ಎಂದು ಆ ಅಧ್ಯಯನ ಹೇಳುವುದಿಲ್ಲ. ಅವರಲ್ಲಿ ಸಕ್ಕರೆ ಕಾಯಿಲೆಯಂಥ ತೊಂದರೆಗಳೂ ಹೆಚ್ಚಾಗಿದ್ದವು. ಸಮತೋಲನ ಕಡಿಮೆ ಎಂಬುದು ತಪಾಸಣೆಗೆ ಒಂದು ಸುಳಿವು, ಅಷ್ಟೇ. ಈ ಫಾರ್ವರ್ಡ್ ನೋಡಿ 80ರ ಅಜ್ಜನನ್ನು ಆಸರೆಯಿಲ್ಲದೆ ಒಂಟಿ ಕಾಲಲ್ಲಿ ನಿಲ್ಲಿಸಬೇಡಿ. ಬಿದ್ದು ಸೊಂಟದ ಮೂಳೆ ಮುರಿದರೆ ಆಗುವ ಹಾನಿ ದೊಡ್ಡದು.

ಮನಸ್ಸಿನ ಪರೀಕ್ಷೆ: ಶಾಲೆಗೆ ಹೋಗದವರು ದಡ್ಡರಲ್ಲ

ನೆನಪು, ಗಮನ, ಭಾಷೆ, ಸ್ಥಳ ಮತ್ತು ಸಮಯದ ಅರಿವು ಇವನ್ನು ನೋಡಲು 1975ರಲ್ಲಿ ಬಂದ ಎಂಎಂಎಸ್‌ಇ ಎಂಬ 30 ಅಂಕಗಳ ಪರೀಕ್ಷೆ ಬಹಳ ಪ್ರಸಿದ್ಧ. ಇಂದು ಯಾವ ವಾರ, ಇದು ಯಾವ ಊರು, ಮೂರು ಪದ ನೆನಪಿಟ್ಟು ಸ್ವಲ್ಪ ಹೊತ್ತಿನ ಬಳಿಕ ಹೇಳಿ, 100ರಿಂದ 7 ಕಳೆಯುತ್ತಾ ಹೋಗಿ, ಒಂದು ವಾಕ್ಯ ಬರೆಯಿರಿ, ಈ ಚಿತ್ರ ನೋಡಿ ಬಿಡಿಸಿ. ಇಂಥ ಪ್ರಶ್ನೆಗಳು ಅದರಲ್ಲಿವೆ. ಸಾಮಾನ್ಯವಾಗಿ 24ಕ್ಕಿಂತ ಕಡಿಮೆ ಬಂದರೆ ಮುಂದಿನ ತಪಾಸಣೆ ಬೇಕು ಎನ್ನುತ್ತಾರೆ.

ಸಮಸ್ಯೆ ಎಲ್ಲಿದೆ ಎಂದು ನಿಮಗೆ ಆಗಲೇ ಹೊಳೆದಿರಬಹುದು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ವಾಕ್ಯ ಬರೆಯುವುದು ಹೇಗೆ? ಪೆನ್ಸಿಲ್ ಹಿಡಿಯದವರು ಚಿತ್ರ ಬಿಡಿಸುವುದು ಹೇಗೆ? ಜೀವನವಿಡೀ ಸಂತೆಯಲ್ಲಿ ಬಾಯಿಲೆಕ್ಕದಲ್ಲೇ ವ್ಯಾಪಾರ ಮಾಡಿದವರೂ ಈ ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಗಡಿಯಾರದ ಚಿತ್ರ ಬಿಡಿಸಿ 11 ಗಂಟೆ 10 ನಿಮಿಷ ತೋರಿಸಿ ಎನ್ನುವ ಪರೀಕ್ಷೆಗೂ ಇದೇ ಮಿತಿ.

ಇದಕ್ಕೆ ಭಾರತದಲ್ಲೇ ಉತ್ತರ ಹುಡುಕಿದ್ದಾರೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಓದುಬರಹ ಬಾರದ ಹಿರಿಯರಿಗಾಗಿ ಸಿದ್ಧಪಡಿಸಿದ ಪರೀಕ್ಷೆ 1995ರಲ್ಲಿ ಪ್ರಕಟವಾಯಿತು. ಅದರಲ್ಲಿ ಈಗ ಬೆಳಗ್ಗೆಯೋ ಮಧ್ಯಾಹ್ನವೋ ಸಂಜೆಯೋ ಎಂದು ಕೇಳುತ್ತಾರೆ. ವಾರಗಳ ಹೆಸರನ್ನು ಹಿಂದಿನಿಂದ ಹೇಳಿಸುತ್ತಾರೆ. ವಾಕ್ಯ ಬರೆಯುವ ಬದಲು ಮನೆಯ ಬಗ್ಗೆ ಏನಾದರೂ ಹೇಳಿ ಎನ್ನುತ್ತಾರೆ. ಓದಿ ಮಾಡುವ ಬದಲು, ನಾನು ಮಾಡಿದಂತೆ ಮಾಡಿ ಎನ್ನುತ್ತಾರೆ. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಕನ್ನಡ, ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಈ ಐದು ಭಾಷೆಗಳಲ್ಲಿ ಮೆದುಳಿನ ಸಾಮರ್ಥ್ಯ ಪರೀಕ್ಷೆಗಳ ಒಂದು ಸಂಗ್ರಹವನ್ನೇ ರೂಪಿಸಿತು.

ಭಾಷೆಯ ವಿಷಯ ಕರ್ನಾಟಕದಲ್ಲಿ ಇನ್ನೂ ಮುಖ್ಯ. ಮನೆಯಲ್ಲಿ ತುಳು, ಕೊಂಕಣಿ, ಕೊಡವ, ಉರ್ದು ಮಾತಾಡುತ್ತಾ ಬೆಳೆದವರು ವಯಸ್ಸಾದ ಮೇಲೆ ಬೆಂಗಳೂರಿನ ಕೇಂದ್ರಕ್ಕೆ ಬಂದಿರುತ್ತಾರೆ. ನೋಡಿಕೊಳ್ಳುವವರು ಬೇರೆ ರಾಜ್ಯದವರಾಗಿ, ಹಿಂದಿ ಮಾತ್ರ ಬಲ್ಲವರಾಗಿರಬಹುದು. ಮರೆವಿನ ಕಾಯಿಲೆ ಇರುವವರು ನಂತರ ಕಲಿತ ಭಾಷೆಯನ್ನು ಬಿಟ್ಟು ಮನೆಮಾತಿಗೇ ಮರಳುವುದುಂಟು. ತಿಳಿಯದ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬರದಿದ್ದರೆ ಅದಕ್ಕೆ ಮರೆವು ಎಂದು ಹೆಸರಿಡಬಾರದು.

ಪರೀಕ್ಷೆಗೆ ಮುನ್ನ ನೋಡಲೇಬೇಕಾದ ಮೂರು ಸಂಗತಿಗಳು: ಕನ್ನಡಕ ಹಾಕಿದ್ದಾರೆಯೇ, ಕಿವಿ ಕೇಳಿಸುತ್ತಿದೆಯೇ (ಯಂತ್ರವಿದ್ದರೆ ಅದರ ಬ್ಯಾಟರಿ ಸರಿಯಿದೆಯೇ, ಇಲ್ಲದಿದ್ದರೆ ಕಿವಿಯಲ್ಲಿ ಗುಗ್ಗೆ ತುಂಬಿದೆಯೇ), ನಿದ್ದೆ ಮಾತ್ರೆಯ ಅಮಲಿನಲ್ಲಿ ಇಲ್ಲವಷ್ಟೇ. ಇವನ್ನು ನೋಡದೆ ಹಾಕಿದ ಅಂಕಕ್ಕೆ ಬೆಲೆ ಇಲ್ಲ. ಇಷ್ಟೆಲ್ಲ ನೋಡಿದ ಮೇಲೂ ಕಡಿಮೆ ಅಂಕ ಬಂದರೆ ಅದು ಕಾಯಿಲೆ ಎಂಬ ತೀರ್ಪಲ್ಲ. ಥೈರಾಯ್ಡ್, ಬಿ12, ಸೋಡಿಯಂ, ಸಕ್ಕರೆ ಪರೀಕ್ಷೆ, ಅಗತ್ಯವಿದ್ದರೆ ಸ್ಕ್ಯಾನ್, ಮನೆಯವರಿಂದ ಹಿಂದಿನ ವಿವರ ಎಲ್ಲ ಸೇರಿದ ಮೇಲೆಯೇ ವೈದ್ಯರು ಡಿಮೆನ್ಷಿಯಾ ಎನ್ನುತ್ತಾರೆ.

ನಿನ್ನೆ ಸರಿಯಿದ್ದವರು ಇಂದು ಹೀಗೇಕೆ?

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಮುಪ್ಪು ದಿಢೀರನೆ ಬರುವುದಿಲ್ಲ. ಎರಡು ಮೂರು ದಿನದಲ್ಲಿ ಮಾತು ತಪ್ಪಿದರೆ, ನಡಿಗೆ ನಿಂತರೆ, ಬಟ್ಟೆಯಲ್ಲೇ ಮೂತ್ರ ಹೋಗತೊಡಗಿದರೆ ಅದು ಕಾಯಿಲೆ.

ಆಲ್ಝೈಮರ್ಸ್‌ನಂಥ ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ಗಂಟೆ, ದಿನಗಳಲ್ಲಿ ಬರುವ ಗೊಂದಲಕ್ಕೆ ವೈದ್ಯರು ಡೆಲಿರಿಯಂ ಎನ್ನುತ್ತಾರೆ. ನಮ್ಮ ಹಿರಿಯರು ಇಂಥದ್ದನ್ನು ಸನ್ನಿ ಎನ್ನುತ್ತಿದ್ದರು. ಒಂದು ಹೊತ್ತು ಸರಿ, ಇನ್ನೊಂದು ಹೊತ್ತು ಗೊಂದಲ. ಮಾತಿನ ಮೇಲೆ ಗಮನ ನಿಲ್ಲುವುದಿಲ್ಲ. ಕೆಲವರು ಕೂಗಾಡುತ್ತಾರೆ. ಇನ್ನು ಕೆಲವರು ಸುಮ್ಮನೆ ಮಂಪರಿನಲ್ಲಿ ಮಲಗಿರುತ್ತಾರೆ. ಕೂಗಾಡದವರ ಬಗ್ಗೆ "ಈಗ ಶಾಂತವಾಗಿದ್ದಾರೆ" ಎಂದು ಸಿಬ್ಬಂದಿ ನೆಮ್ಮದಿಯಾಗುವುದರಿಂದ ಈ ಎರಡನೇ ಬಗೆ ಹೆಚ್ಚಾಗಿ ಕಣ್ತಪ್ಪುತ್ತದೆ. ನ್ಯುಮೋನಿಯಾ, ಮೂತ್ರದ ಸೋಂಕು, ನೀರಿನಂಶ ಅಥವಾ ಸೋಡಿಯಂ ಕಡಿಮೆಯಾಗುವುದು, ಸಕ್ಕರೆ ಏರುಪೇರು, ಮೂತ್ರ ಕಟ್ಟುವುದು, ಮಲಬದ್ಧತೆ, ನೋವು, ಹೊಸ ಮಾತ್ರೆ ಇವೆಲ್ಲ ಕಾರಣವಾಗಬಹುದು. ಕಾರಣ ಹುಡುಕಿ ಚಿಕಿತ್ಸೆ ಕೊಟ್ಟರೆ ಬಹಳಷ್ಟು ಜನ ಸುಧಾರಿಸುತ್ತಾರೆ. ಬಿಟ್ಟರೆ ಪ್ರಾಣಕ್ಕೂ ಅಪಾಯ. ಮುಖ ಅಥವಾ ಬಾಯಿ ಒಂದು ಕಡೆಗೆ ವಾಲಿದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ ಅದು ಲಕ್ವ ಇರಬಹುದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

"ಹಿರಿಯರ ಗೊಂದಲಕ್ಕೆ ನೀರು ಕುಡಿಯದೇ ಇರುವುದೇ ಕಾರಣ, ಹೆಚ್ಚು ನೀರು ಕುಡಿಸಿ" ಎಂಬ ಫಾರ್ವರ್ಡ್ ಅರ್ಧ ನಿಜ. ನೀರು ಕಡಿಮೆಯಾಗುವುದು ಒಂದು ಕಾರಣ ಹೌದು, ಅದೊಂದೇ ಅಲ್ಲ. ಹೃದಯ ಅಥವಾ ಕಿಡ್ನಿ ತೊಂದರೆ ಇರುವವರಿಗೆ ಒತ್ತಾಯದಿಂದ ನೀರು ಕುಡಿಸುವುದು ಅಪಾಯ. ಮೂತ್ರ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಕಂಡ ತಕ್ಷಣ ಅದೇ ಕಾರಣ ಎನ್ನುವಂತೆಯೂ ಇಲ್ಲ. ಆರೈಕೆ ಕೇಂದ್ರಗಳಲ್ಲಿ ಇರುವ ವಯಸ್ಸಾದ ಹೆಂಗಸರಲ್ಲಿ ಕಾಲುಭಾಗದಿಂದ ಅರ್ಧದಷ್ಟು ಜನರ ಮೂತ್ರದಲ್ಲಿ ಯಾವ ತೊಂದರೆಯನ್ನೂ ಕೊಡದೆ ಬ್ಯಾಕ್ಟೀರಿಯಾ ಇರುತ್ತವೆ. ಅಷ್ಟಕ್ಕೇ ಆಂಟಿಬಯಾಟಿಕ್ ಕೊಟ್ಟು ನಿಜವಾದ ಕಾರಣ ಬಿಟ್ಟರೆ ಕಷ್ಟ.

ಮಾತ್ರೆಗಳ ವಿಷಯವನ್ನೂ ಹೇಳಬೇಕು. ನಿದ್ದೆ ಮಾತ್ರೆಗಳು, ನೆಗಡಿ ಮತ್ತು ಅಲರ್ಜಿಗೆ ಕೊಡುವ ಕೆಲವು ಹಳೆಯ ಮಾತ್ರೆಗಳು, ಮೂತ್ರದ ಅವಸರಕ್ಕೆ ಕೊಡುವ ಕೆಲವು ಔಷಧಗಳು ಹಿರಿಯರಲ್ಲಿ ಗೊಂದಲ ತರುತ್ತವೆ. ಹಿರಿಯರಿಗೆ ಕೊಡುವಾಗ ಎಚ್ಚರ ಬೇಕಾದ ಔಷಧಗಳ ಬೀರ್ಸ್ ಪಟ್ಟಿ 1991ರಲ್ಲಿ ಮೊದಲು ಬಂದದ್ದೇ ಆರೈಕೆ ಕೇಂದ್ರಗಳಲ್ಲಿ ಇರುವವರಿಗಾಗಿ. ಆದರೆ ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ. ಕೆಲವನ್ನು ಒಮ್ಮೆಲೇ ನಿಲ್ಲಿಸಿದರೂ ತೊಂದರೆಯಾಗುತ್ತದೆ. ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರಿಗೆ ತೋರಿಸಿ.

ಮೂರನೆಯದು ಖಿನ್ನತೆ. ಸಂಗಾತಿ ಹೋದ ಮೇಲೆ, ಮನೆ ಬಿಟ್ಟು ಬಂದ ಮೇಲೆ ಮಾತು ಕಡಿಮೆಯಾಗುವುದು, ಊಟ ಸೇರದಿರುವುದು, ಏನು ಕೇಳಿದರೂ "ಗೊತ್ತಿಲ್ಲ" ಎನ್ನುವುದು ಮರೆವಿನಂತೆಯೇ ಕಾಣುತ್ತದೆ. ಹೌದು, ಇಲ್ಲ ಎಂದು ಉತ್ತರಿಸುವ 15 ಪ್ರಶ್ನೆಗಳ ಪಟ್ಟಿಯಿಂದ ಇದರ ಸುಳಿವು ಸಿಗುತ್ತದೆ. ಚಿಕಿತ್ಸೆಯೂ ಇದೆ.

ಎಷ್ಟು ದಿನಕ್ಕೊಮ್ಮೆ ಅಳೆಯಬೇಕು?

ಒಂದು ಸಲದ ಅಂಕಕ್ಕಿಂತ, ಅದೇ ವ್ಯಕ್ತಿಯ ಹಿಂದಿನ ಅಂಕದೊಂದಿಗೆ ಹೋಲಿಸುವುದು ಹೆಚ್ಚು ತಿಳಿಸುತ್ತದೆ. ಬಂದ ದಿನ ಹೇಗಿದ್ದರು ಎಂದು ಬರೆದಿಡದಿದ್ದರೆ, ಇಂದು ಕುಸಿದಿದ್ದಾರೆಯೇ ಎಂದು ಹೇಳುವುದು ಹೇಗೆ?

ಅಮೆರಿಕದಲ್ಲಿ ನರ್ಸಿಂಗ್ ಹೋಮ್‌ಗಳ ದುಃಸ್ಥಿತಿಯ ಬಗ್ಗೆ 1986ರಲ್ಲಿ ತಜ್ಞರ ವರದಿ ಬಂದ ಮೇಲೆ 1987ರಲ್ಲಿ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಕೇಂದ್ರಗಳು ಅಲ್ಲಿ ಉಳಿಯುವ ಪ್ರತಿಯೊಬ್ಬರನ್ನೂ ಸೇರಿದ 14 ದಿನದೊಳಗೆ ಒಂದೇ ನಮೂನೆಯಲ್ಲಿ ಪೂರ್ತಿ ಪರೀಕ್ಷಿಸಬೇಕು, ಮೂರು ತಿಂಗಳಿಗೊಮ್ಮೆ ಮತ್ತೆ ನೋಡಬೇಕು, ಸ್ಥಿತಿ ಗಮನಾರ್ಹವಾಗಿ ಬದಲಾದಾಗ ಹೊಸದಾಗಿ ಮಾಡಬೇಕು. ಬಂದ ಫಲಿತಾಂಶದಿಂದ ಆರೈಕೆಯ ಯೋಜನೆ ಬರೆಯಬೇಕು. ಭಾರತದಲ್ಲಿ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪಾಲನೆಯ 2007ರ ಕಾಯ್ದೆಯು ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮ ತೆರೆಯುವ ಬಗ್ಗೆ ಹೇಳುತ್ತದೆ. ಅಲ್ಲಿನ ಗುಣಮಟ್ಟ, ವೈದ್ಯಕೀಯ ಸೌಲಭ್ಯದ ನಿಯಮ ರೂಪಿಸುವುದನ್ನು ರಾಜ್ಯಗಳಿಗೆ ಬಿಟ್ಟಿದೆ. ಆದ್ದರಿಂದ ನಿಮ್ಮವರು ಇರುವ ಕೇಂದ್ರದಲ್ಲಿ ಏನು ನಡೆಯುತ್ತದೆ ಎಂದು ನೀವೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಕೈಪಿಡಿ, ಹೆಚ್ಚು ತರಬೇತಿ ಇಲ್ಲದ ಆರೋಗ್ಯ ಕಾರ್ಯಕರ್ತರೂ ಮಾಡಬಹುದಾದ ಸರಳ ಕ್ರಮ ತಿಳಿಸುತ್ತದೆ. ಮೂರು ಪದ ನೆನಪಿದೆಯೇ, ಕೈ ಊರದೆ ಕುರ್ಚಿಯಿಂದ ಐದು ಸಲ 14 ಸೆಕೆಂಡಿನಲ್ಲಿ ಏಳಬಲ್ಲರೇ, ಮೂರು ತಿಂಗಳಲ್ಲಿ 3 ಕಿಲೋಗಿಂತ ಹೆಚ್ಚು ತೂಕ ಇಳಿದಿದೆಯೇ, ಹಸಿವಿದೆಯೇ, ಕಣ್ಣು ಕಾಣುತ್ತದೆಯೇ, ಪಿಸುಮಾತು ಕೇಳಿಸುತ್ತದೆಯೇ, ಬೇಸರ ಕವಿದಿದೆಯೇ. ಇಷ್ಟನ್ನು ನೋಡಲು ಬೇಕಾಗುವುದು ತೂಕದ ಯಂತ್ರ, ಕುರ್ಚಿ, ಗಡಿಯಾರ ಮತ್ತು ಕಣ್ಣಿನ ಚಾರ್ಟ್.

ಹೆಚ್ಚು ಸಹಾಯವೂ ಹಾನಿ ಮಾಡಬಹುದು

ಅಳೆದ ಮೇಲೆ ಏನು ಮಾಡುತ್ತಾರೆ ಎಂಬುದೇ ಮುಖ್ಯ. ಬಿದ್ದುಬಿಡುತ್ತಾರೆ ಎಂಬ ಹೆದರಿಕೆಯಿಂದ ಕೂರಿಸಿಯೇ ಇಟ್ಟರೆ ಉಳಿದ ಶಕ್ತಿಯೂ ಹೋಗುತ್ತದೆ. 2007ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ ಆರೋಗ್ಯವಂತ 12 ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದಾಗ ಅವರ ಕಾಲುಗಳ ಸ್ನಾಯುಭಾಗ ಸುಮಾರು ಒಂದು ಕಿಲೋ ಕಡಿಮೆಯಾಗಿತ್ತು. ಆರೋಗ್ಯವಂತರಿಗೇ ಹೀಗಾದರೆ, ಜ್ವರ ಬಂದು ಮಲಗಿದ 85ರ ಅಜ್ಜಿಯ ಸ್ಥಿತಿ ಊಹಿಸಿ.

ಒಳ್ಳೆಯ ಯೋಜನೆ ಹೀಗಿರುತ್ತದೆ: ಬೆನ್ನು ತೊಳೆಯಲು ಸಹಾಯ, ಉಳಿದ ಸ್ನಾನ ಅವರೇ. ಗೋಡೆಗೆ ಹಿಡಿಕೆ, ಶೌಚಾಲಯಕ್ಕೆ ಆಸರೆ, ರಾತ್ರಿ ದೀಪ. ದಿನಕ್ಕೆ ಎರಡು ಸಲ ಕೈ ಹಿಡಿದು ನಡೆಸುವುದು. ಡಯಾಪರ್ ಹಾಕುವ ಮುನ್ನ ಎರಡು ಗಂಟೆಗೊಮ್ಮೆ ಶೌಚಾಲಯಕ್ಕೆ ಕರೆದೊಯ್ದು ನೋಡುವುದು. ಇದಕ್ಕೆ ಹೆಚ್ಚು ಸಮಯ, ಹೆಚ್ಚು ಸಿಬ್ಬಂದಿ ಬೇಕು ಎಂಬುದು ನಿಜ. ಆದರೆ ಪೂರ್ತಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಬೇಕಾಗುವ ಶ್ರಮ ಇದಕ್ಕಿಂತ ಹೆಚ್ಚು.

ಅಂಕ ಕಡಿಮೆ ಎಂದರೆ ಮಾತಿಗೆ ಬೆಲೆ ಇಲ್ಲವೇ?

ಮರೆವಿನ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ ಕೂಡಲೇ "ಇನ್ನು ಇವರ ಸಹಿ, ಇವರ ಮಾತು ನಡೆಯಲ್ಲ" ಎಂದು ಕೆಲವರು ತೀರ್ಮಾನಿಸುತ್ತಾರೆ. ಇದೂ ತಪ್ಪು. ನಿರ್ಧಾರ ಮಾಡುವ ಶಕ್ತಿಯನ್ನು ಆಯಾ ನಿರ್ಧಾರಕ್ಕೆ ತಕ್ಕಂತೆ ನೋಡಬೇಕು. ಇಂಗ್ಲೆಂಡಿನ 2005ರ ಕಾನೂನು, ಆಗುವುದಿಲ್ಲ ಎಂದು ಸಾಬೀತಾಗುವವರೆಗೆ ಪ್ರತಿ ವಯಸ್ಕರಿಗೂ ಆ ಶಕ್ತಿ ಇದೆ ಎಂದೇ ಹಿಡಿಯುತ್ತದೆ. ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಚಿಕಿತ್ಸೆಯ ವಿಷಯದಲ್ಲಿ, ಮಾಹಿತಿ ತಿಳಿದುಕೊಂಡು ತನ್ನ ಇಷ್ಟವನ್ನು ಮಾತು ಅಥವಾ ಸನ್ನೆಯಲ್ಲಿ ತಿಳಿಸಬಲ್ಲರೇ ಎಂದು ನೋಡುತ್ತದೆ. ಜಮೀನು ಮಾರಾಟದ ಪತ್ರ ಅರ್ಥವಾಗದ ಅಜ್ಜನಿಗೆ, ಯಾವ ಹೊತ್ತಿಗೆ ಸ್ನಾನ ಬೇಕು, ಪಕ್ಕದ ಹಾಸಿಗೆಯಲ್ಲಿ ಯಾರು ಇರಬೇಕು, ಮಗಳನ್ನು ನೋಡಬೇಕೋ ಬೇಡವೋ ಎಂದು ಹೇಳಲು ಪೂರ್ತಿ ಆಗಬಹುದು.

ಕೇಂದ್ರದವರನ್ನು ಕೇಳಬೇಕಾದ ಪ್ರಶ್ನೆಗಳು

- ಸೇರಿಸಿದಾಗ ಏನೇನು ಪರೀಕ್ಷಿಸುತ್ತೀರಿ? ಅದರ ಪ್ರತಿ ನಮಗೆ ಕೊಡುತ್ತೀರಾ?
- ಮತ್ತೆ ಯಾವಾಗ ನೋಡುತ್ತೀರಿ? ತೂಕ ತಿಂಗಳಿಗೊಮ್ಮೆ ಬರೆದಿಡುತ್ತೀರಾ?
- ಪ್ರಶ್ನೆ ಕೇಳುವವರಿಗೆ ನಮ್ಮ ಮನೆಮಾತು ಬರುತ್ತದೆಯೇ?
- ಬಿದ್ದರೆ, ದಿಢೀರ್ ಗೊಂದಲವಾದರೆ ಯಾವ ವೈದ್ಯರು, ಎಷ್ಟು ಹೊತ್ತಿನಲ್ಲಿ ನೋಡುತ್ತಾರೆ?
- ಮಾತ್ರೆಗಳ ಪಟ್ಟಿಯನ್ನು ವೈದ್ಯರು ಎಷ್ಟು ದಿನಕ್ಕೊಮ್ಮೆ ಪರಿಶೀಲಿಸುತ್ತಾರೆ?
- ಅವರು ತಾವೇ ಮಾಡಬಲ್ಲ ಕೆಲಸ ಯಾವುವು? ಅದನ್ನು ಅವರಿಂದಲೇ ಮಾಡಿಸುತ್ತಿದ್ದೀರಾ?

ಸೇರಿಸುವಾಗ ನೀವೂ ಒಂದು ಪುಟ ಬರೆದುಕೊಡಿ. ಮನೆಯಲ್ಲಿ ಹೇಗೆ ನಡೆಯುತ್ತಿದ್ದರು, ಏನು ಕೆಲಸ ಮಾಡುತ್ತಿದ್ದರು, ಎಷ್ಟು ಓದಿದ್ದಾರೆ, ಯಾವ ಭಾಷೆ, ಯಾವ ಕಿವಿ ಮಂದ, ಕಾಫಿಯೋ ಚಹಾವೋ. ಮುಂದೆ ಏನಾದರೂ ಬದಲಾದಾಗ ಹೋಲಿಸಲು ಆ ಪುಟವೇ ಆಧಾರ. ನೋಡಲು ಹೋದಾಗ ಒಂದು ಹತ್ತು ಹೆಜ್ಜೆ ಅವರ ಜೊತೆ ನಡೆಯಿರಿ, ಜೊತೆಗೆ ಕೂತು ಊಟ ಮಾಡಿ. ಕಳೆದ ಸಲಕ್ಕಿಂತ ಬದಲಾಗಿದೆ ಅನ್ನಿಸಿದರೆ ಅಂದೇ ಕೇಳಿ. ಹಿರಿಯರ ನಿರ್ಲಕ್ಷ್ಯ, ಕಿರುಕುಳ ಕಂಡರೆ ಅಥವಾ ಮಾಹಿತಿ ಬೇಕಿದ್ದರೆ ರಾಷ್ಟ್ರೀಯ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

ಇನ್ನು ಮುಂದೆ 9ರ ನಡುವೆ 6 ಹುಡುಕುವ ಫಾರ್ವರ್ಡ್ ಬಂದರೆ ಒಗಟಾಗಿ ಬಿಡಿಸಿ, ಪರೀಕ್ಷೆಯೆಂದು ಕಳುಹಿಸಬೇಡಿ. ಗ್ರೂಪಿಗೆ ಏನಾದರೂ ಕಳುಹಿಸಲೇಬೇಕಿದ್ದರೆ ಈ ಎರಡು ಸಾಲು ಕಳುಹಿಸಿ: ಹಿರಿಯರಲ್ಲಿ ದಿಢೀರ್ ಬದಲಾವಣೆ ಕಂಡರೆ ವಯಸ್ಸು ಎಂದು ಸುಮ್ಮನಾಗಬೇಡಿ, ಅಂದೇ ವೈದ್ಯರಿಗೆ ತೋರಿಸಿ. ಆಗುವುದಿಲ್ಲ ಎಂದು ತೀರ್ಮಾನಿಸುವ ಮುನ್ನ ಕನ್ನಡಕ ಕೊಟ್ಟು, ಅವರ ಭಾಷೆಯಲ್ಲಿ ಕೇಳಿ, ಸಮಯ ಕೊಟ್ಟು ನೋಡಿ.